ವಿದೇಶೀ ಚುನಾವಣಾ ವೀಕ್ಷಕರು: ಕಂಡದ್ದು, ಕಾಣದ್ದು

(ಸಂಘದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಯಾವುದೋ ದೇಶದಲ್ಲಿ ಚುನಾವಣೆ ಮುಗಿದ ಎರಡು ದಿನಗಳೊಳಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ಮತದಾನವು ಮುಕ್ತವಾಗಿಯೂ ನ್ಯಾಯಸಮ್ಮತವಾಗಿಯೂ ನಡೆಯಿತೆಂದು ಅಂತರರಾಷ್ಟ್ರೀಯ ವೀಕ್ಷಕರು ತಿಳಿಸಿದ್ದಾರೆ, ಎಂದು. ಗೆದ್ದವರು ಅದನ್ನು ಪ್ರಮಾಣಪತ್ರದಂತೆ ಎತ್ತಿ ಹಿಡಿಯುತ್ತಾರೆ. ಸೋತವರು ಪರದೇಶೀಯರ ಪಿತೂರಿಯೆಂದು ಜರೆಯುತ್ತಾರೆ. ನಮ್ಮಂಥ ಸಾಮಾನ್ಯ ಓದುಗರು ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೇ ಇಂದಿನ ನನ್ನ ವಿಷಯ. ನಾನು ಸರ್ಕಾರಿ ನೌಕರ. ಇಲ್ಲಿ ಆಡುವ ಮಾತುಗಳು ನನ್ನ ಸ್ವಂತ ಅಭಿಪ್ರಾಯಗಳೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತದೆ ನಮ್ಮ ಗಾದೆ. ವೀಕ್ಷಕರು ಪ್ರತ್ಯಕ್ಷ ಕಂಡವರು. ಪ್ರಮಾಣಿಸಿ ನೋಡುವ ಹೊಣೆ ಓದುಗರಾದ ನಮ್ಮದು.

ಕೀನ್ಯಾ ದೇಶದ ಉದಾಹರಣೆಯನ್ನು ನೋಡೋಣ. ಅಲ್ಲಿ 2017ರ ಆಗಸ್ಟ್ 8ರಂದು ಅಧ್ಯಕ್ಷ ಚುನಾವಣೆ ನಡೆಯಿತು. ವೀಕ್ಷಕರ ತಂಡಗಳ ನಾಯಕರು ಸಾಮಾನ್ಯರಲ್ಲ. ಕಾರ್ಟರ್ ಸೆಂಟರಿನ ಪರವಾಗಿ ಅಮೆರಿಕದ ಜಾನ್ ಕೆರ್ರಿ, ಆಫ್ರಿಕನ್ ಒಕ್ಕೂಟದ ಪರವಾಗಿ ಥಾಬೊ ಎಂಬೆಕಿ, ಕಾಮನ್‌ವೆಲ್ತಿನ ಪರವಾಗಿ ಘಾನಾದ ಮಾಜಿ ಅಧ್ಯಕ್ಷ ಜಾನ್ ಮಹಾಮಾ ಬಂದಿದ್ದರು. ಎಣಿಕೆಯ ಕ್ರೋಡೀಕರಣ ಇನ್ನೂ ನಡೆಯುತ್ತಿರುವಾಗಲೇ, ಆಗಸ್ಟ್ 10ರಂದು, ಇವರೆಲ್ಲ ಪ್ರಾಥಮಿಕ ಹೇಳಿಕೆಗಳನ್ನು ಹೊರಡಿಸಿ ಮತದಾನದ ವ್ಯವಸ್ಥೆಯನ್ನು ಮೆಚ್ಚಿಕೊಂಡರು. ಮರುದಿನ ಉಹುರು ಕೆನ್ಯಾಟಾ ಗೆದ್ದರೆಂದು ಘೋಷಣೆಯಾಯಿತು. ಪ್ರತಿಸ್ಪರ್ಧಿ ರೈಲಾ ಒಡಿಂಗಾ ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರ್ 1ರಂದು ಅಲ್ಲಿಯ ಸುಪ್ರೀಂ ಕೋರ್ಟು, ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ, ಆ ಚುನಾವಣೆಯನ್ನೇ ರದ್ದುಮಾಡಿತು. ಆಫ್ರಿಕಾ ಖಂಡದಲ್ಲಿ ಇಂಥ ತೀರ್ಪು ಅದೇ ಮೊದಲು.

ಹಾಗಾದರೆ ವೀಕ್ಷಕರು ಸುಳ್ಳು ಹೇಳಿದರೇ? ಇಲ್ಲ. ಅವರು ಕಂಡದ್ದು ಮತಗಟ್ಟೆಯನ್ನು: ಸರತಿಯ ಸಾಲು, ಮೊಹರು ಮಾಡಿದ ಪೆಟ್ಟಿಗೆ, ಪಕ್ಷಗಳ ಏಜೆಂಟರು. ನ್ಯಾಯಾಲಯ ದೋಷ ಕಂಡದ್ದು ಮತಗಟ್ಟೆಯಿಂದ ರಾಜಧಾನಿಗೆ ಫಲಿತಾಂಶ ತಲಪಿದ ಬಗೆಯಲ್ಲಿ. ನಲವತ್ತು ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ನಮೂನೆಗಳು ನಿಯಮದಂತೆ ಬಂದವೇ ಎಂಬ ಪ್ರಶ್ನೆ ಎದ್ದಾಗ, ಕಂಪ್ಯೂಟರ್ ಸರ್ವರುಗಳನ್ನು ಪರಿಶೀಲನೆಗೆ ತೆರೆದಿಡಬೇಕೆಂಬ ಆಜ್ಞೆಯನ್ನು ಚುನಾವಣಾ ಆಯೋಗ ಪೂರ್ಣವಾಗಿ ಪಾಲಿಸಲಿಲ್ಲ. ವೀಕ್ಷಕರ ಹೇಳಿಕೆಗಳಲ್ಲಿಯೂ, ಪ್ರಕ್ರಿಯೆ ಇನ್ನೂ ಮುಗಿದಿಲ್ಲ ಎಂಬ ಎಚ್ಚರಿಕೆಯ ಮಾತು ಇತ್ತು. ಆದರೆ ತಲೆಬರಹಕ್ಕೆ ಏರಿದ್ದು ಹೊಗಳಿಕೆ. ಎಚ್ಚರಿಕೆ ಒಳಪುಟದಲ್ಲೇ ಉಳಿಯಿತು.

ಎರಡನೆಯ ಉದಾಹರಣೆ 2002ರ ಮಾರ್ಚಿಯಲ್ಲಿ ನಡೆದ ಜಿಂಬಾಬ್ವೆಯ ಚುನಾವಣೆ. ರಾಬರ್ಟ್ ಮುಗಾಬೆಯವರ ಗೆಲುವನ್ನು ದಕ್ಷಿಣ ಆಫ್ರಿಕಾದ ಅಧಿಕೃತ ವೀಕ್ಷಕ ತಂಡ ನ್ಯಾಯಬದ್ಧವೆಂದು ಒಪ್ಪಿತು. ನೈಜೀರಿಯಾದ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ನೇತೃತ್ವದ ಕಾಮನ್‌ವೆಲ್ತ್ ತಂಡ ಒಪ್ಪಲಿಲ್ಲ. ಇದೇ ಎಂಬೆಕಿಯವರು ಆಗ ದಕ್ಷಿಣ ಆಫ್ರಿಕಾದ ಅಧ್ಯಕ್ಷರು. ಸಿಸಿ ಖಂಪೆಪೆ, ಡಿಕ್ಗಾಂಗ್ ಮೊಸೆನೆಕೆ ಎಂಬ ಇಬ್ಬರು ನ್ಯಾಯಾಧೀಶರನ್ನೂ ಅವರು ಪ್ರತ್ಯೇಕವಾಗಿ ಕಳುಹಿಸಿದ್ದರು. ಮತದಾನಕ್ಕೆ ಮುಂಚಿನ ಹಿಂಸೆಯನ್ನೂ ನಿಯಮಗಳ ತಿದ್ದುಪಡಿಗಳನ್ನೂ ತೂಗಿ ನೋಡಿದ ನ್ಯಾಯಾಧೀಶರು, ಚುನಾವಣೆಯನ್ನು ಮುಕ್ತ, ನ್ಯಾಯಸಮ್ಮತ ಎನ್ನಲಾಗದೆಂದು ಬರೆದುಕೊಟ್ಟರು. ಆ ವರದಿ ಕಪಾಟು ಸೇರಿತು. ‘ಮೇಲ್ ಅಂಡ್ ಗಾರ್ಡಿಯನ್’ ಪತ್ರಿಕೆ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಿದ ಮೇಲೆ 2014ರ ನವೆಂಬರಿನಲ್ಲಿ ಅದು ಬೆಳಕು ಕಂಡಿತು. ಒಂದೇ ದೇಶ ಕಳುಹಿಸಿದವರಿಂದ ಎರಡು ತೀರ್ಮಾನ! ಅನುಕೂಲವಾದದ್ದು ಕೂಡಲೇ ಹೊರಬಂತು. ಅನನುಕೂಲವಾದದ್ದಕ್ಕೆ ಹನ್ನೆರಡು ವರ್ಷ ಬೇಕಾಯಿತು.

ಈ ವಿಷಯ ನನ್ನನ್ನು ಕಾಡುವುದಕ್ಕೆ ಸ್ವಂತದ ಕಾರಣವೊಂದುಂಟು. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರರನ್ನು ಮತಗಟ್ಟೆಗಳಿಗೆ ಸೂಕ್ಷ್ಮ ವೀಕ್ಷಕರಾಗಿ ನೇಮಿಸುವುದನ್ನು ನೀವು ಬಲ್ಲಿರಿ. ಒಮ್ಮೆ ನಾನೂ ಹಾಗೆ ಬೆಳಗಿನಿಂದ ಸಂಜೆಯವರೆಗೆ ಒಂದು ಶಾಲೆಯ ಕೋಣೆಯಲ್ಲಿ ಕುಳಿತಿದ್ದೆ. ಅಣಕು ಮತದಾನ ಆಯಿತೇ? ಹೌದು. ಏಜೆಂಟರು ಇದ್ದರೇ? ಹೌದು. ಬೆರಳಿಗೆ ಶಾಯಿ ಹಚ್ಚಿದರೇ? ಹೌದು. ಮಧ್ಯಾಹ್ನ ಒಬ್ಬ ವೃದ್ಧೆ ಬಂದರು. ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಅಳಿಸಿದ ಗುರುತಿತ್ತು. ‘ನಾನು ಬದುಕಿದ್ದೇನಲ್ಲಪ್ಪ’ ಎಂದರು. ಮತಗಟ್ಟೆಯ ಅಧಿಕಾರಿಗೂ ನನಗೂ ಮಾಡುವಂಥದ್ದೇನೂ ಉಳಿದಿರಲಿಲ್ಲ. ಆಕೆ ಹಿಂದಿರುಗಿದರು. ನನ್ನ ನಮೂನೆಯಲ್ಲಿ ಅದನ್ನು ಬರೆಯುವ ಅಂಕಣ ನನಗೆ ಕಾಣಲಿಲ್ಲ. ಅಂಚಿನಲ್ಲಾದರೂ ಬರೆಯುವ ಧೈರ್ಯ ನನಗೆ ಆಗಲಿಲ್ಲ. ನನ್ನ ವರದಿಯ ಪ್ರತಿಯೊಂದು ಉತ್ತರವೂ ಸತ್ಯ. ಇಡೀ ವರದಿ ಅಪೂರ್ಣ.

ಆದ್ದರಿಂದ ಇಂಥ ವರದಿ ಕೈಗೆ ಬಂದಾಗ ನಾನು ತೀರ್ಪಿನ ಸಾಲನ್ನು ಕೊನೆಗೆ ಓದುತ್ತೇನೆ. ವೀಕ್ಷಕರು ಬಂದದ್ದು ಎಂದು? ಮತದಾನದ ವಾರದಲ್ಲೇ, ಅಥವಾ ಪಟ್ಟಿ ಸಿದ್ಧವಾಗುವ ತಿಂಗಳುಗಳಲ್ಲೇ? ಎಷ್ಟು ಮತಗಟ್ಟೆಗಳನ್ನು ನೋಡಿದರು, ಎಷ್ಟನ್ನು ನೋಡಲಿಲ್ಲ? ಎಣಿಕೆ ಕೂಡಿಸುವ ಕಡೆ ಪ್ರವೇಶ ಸಿಕ್ಕಿತೇ? ಖರ್ಚು ಯಾರದು? 2005ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕೃತವಾದ ವೀಕ್ಷಣಾ ತತ್ತ್ವಗಳ ಘೋಷಣೆಯೂ ಹಣದ ಮೂಲವನ್ನು ಬಹಿರಂಗಪಡಿಸಬೇಕೆನ್ನುತ್ತದೆ. ಕೊನೆಯದಾಗಿ, ಅಂತಿಮ ವರದಿ ಪ್ರಾಥಮಿಕ ಹೇಳಿಕೆಯನ್ನು ತಿದ್ದಿಕೊಂಡಿದೆಯೇ? ತನ್ನ ಮಿತಿಯನ್ನು ತಾನೇ ಒಪ್ಪಿಕೊಳ್ಳುವ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ. ಎಲ್ಲವನ್ನೂ ಕಂಡೆನೆನ್ನುವ ವರದಿಯ ಬಗ್ಗೆ ನನಗೆ ಅನುಮಾನ.

ವರ್ಗಾವಣೆಯಾಗಿ, ಮನೆ ಬದಲಿಸಿ, ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥವರ ಹೆಸರುಗಳು ಪಟ್ಟಿಯಿಂದ ಜಾರಿಬೀಳುವುದು ಸುಲಭ. ಹಾಗೆ ಜಾರಿದವರು ಸರತಿಯ ಸಾಲಿನಲ್ಲಿ ನಿಲ್ಲುವುದಿಲ್ಲ; ಸಾಲನ್ನು ಮಾತ್ರ ನೋಡಿದ ವೀಕ್ಷಕ, ಸ್ವದೇಶಿಯಾಗಲಿ ವಿದೇಶಿಯಾಗಲಿ, ಅವರನ್ನು ಕಾಣಲಾರ. ಆ ವೃದ್ಧೆಯ ಮಾತನ್ನು ಅಂದು ಬರೆಯದೆ ಹೋದದ್ದಕ್ಕೆ ಇಂದು ನಿಮ್ಮ ಮುಂದೆ ಹೇಳಿಕೊಂಡಿದ್ದೇನೆ, ಅಷ್ಟೆ.