ಬಿಲ್ಲನ್ನು ಬಿಟ್ಟ ಬಾಣ
(ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸ)



ಬಿಲ್ಲುಗಾರನು ಹೆದೆಯನ್ನು ಕಿವಿಯವರೆಗೆ ಸೆಳೆದು ಬಿಟ್ಟೊಡನೆ ಬಾಣವು ಹಾರುವುದಷ್ಟೆ. ಹೆದೆಯು ಬಾಣವನ್ನು ನೂಕುವುದು ತನಗೆ ತಗುಲಿಕೊಂಡಿರುವ ಅತ್ಯಲ್ಪ ಕಾಲ ಮಾತ್ರ. ಬಿಲ್ಲನ್ನು ಬಿಟ್ಟಮೇಲೆ ಬಾಣವನ್ನು ಮುಂದೂಡುವವರಾರೂ ಇಲ್ಲ. ಆದರೂ ಅದು ಬಹುದೂರ ಸಾಗುವುದು. ಸಾಗಿಸುವವರಿಲ್ಲದೆ ಸಾಗುವುದೆಂತು? ಪ್ರಶ್ನೆಯು ಹುಡುಗಾಟದ್ದೆಂದು ತೋರಬಹುದು. ಬಲ, ಚಲನೆಗಳ ಶಾಸ್ತ್ರಕ್ಕೆ ಇದೇ ಹೆಬ್ಬಾಗಿಲು.

ಗ್ರೀಸ್ ದೇಶದ ಅರಿಸ್ಟಾಟಲನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಚಲಿಸುವ ವಸ್ತುವಿಗೆ ಚಲಿಸುವಷ್ಟು ಕಾಲವೂ ಚಾಲಕವೊಂದು ಬೇಕೆಂದನು; ಎಸೆದ ವಸ್ತುವಿಗೆ ಅಂತಹ ಚಾಲಕವು ಕಾಣದಿರಲು, ಸುತ್ತಣ ಗಾಳಿಯೇ ಅದನ್ನು ದೂಡುವುದೆಂದನು. ಗಾಳಿಯು ಓಟಕ್ಕೆ ತಡೆಯೆಂಬುದನ್ನು ಓಡುವ ಬಾಲಕನೂ ಬಲ್ಲನು. ವೈಶೇಷಿಕರ ಸಮಾಧಾನವು ಇದಕ್ಕಿಂತ ಯುಕ್ತವಾದುದು. ಕಣಾದಮಹರ್ಷಿಗಳ ಸೂತ್ರಗಳ ಪ್ರಕಾರ, ಬಾಣದ ಮೊದಲ ಕ್ರಿಯೆಯು ನೋದನದಿಂದ, ಎಂದರೆ ನೂಕುವಿಕೆಯಿಂದ ಹುಟ್ಟುವುದು. ಆ ಕ್ರಿಯೆಯು ಬಾಣದಲ್ಲಿ ವೇಗವೆಂಬ ಸಂಸ್ಕಾರವನ್ನುಂಟುಮಾಡುವುದು. ಮುಂದಣ ಕ್ರಿಯೆಗಳಿಗೆಲ್ಲ ಆ ಸಂಸ್ಕಾರವೇ ಕಾರಣ. ಸಂಸ್ಕಾರವು ತೀರಲು ಗುರುತ್ವದಿಂದ ಪತನವಾಗುವುದು. ಸ್ಪರ್ಶವುಳ್ಳ ದ್ರವ್ಯಗಳ ಸಂಯೋಗವಿಶೇಷವು ವೇಗಕ್ಕೆ ವಿರೋಧಿಯೆಂದು ಭಾಷ್ಯಕಾರರಾದ ಪ್ರಶಸ್ತಪಾದರು ಹೇಳಿರುವರು. ಇಂದಿನವರು ಘರ್ಷಣೆಯೆಂದೂ ಗಾಳಿಯ ತಡೆಯೆಂದೂ ಹೇಳುವುದರ ಸಮೀಪಕ್ಕೆ ಈ ಮಾತು ಬಂದಿದೆ. ಪ್ಯಾರಿಸ್ಸಿನ ಬ್ಯುರಿಡಾನನು 14ನೆಯ ಶತಮಾನದಲ್ಲಿ ಹೆಚ್ಚುಕಡಮೆ ಇಂತಹುದೇ ಮತವನ್ನು ಮಂಡಿಸಿದನು.

ಇಷ್ಟನ್ನು ಕೇಳಿದೊಡನೆ, ನ್ಯೂಟನ್ನನು ಹೇಳಿದುದೆಲ್ಲವೂ ನಮ್ಮ ಸೂತ್ರಗಳಲ್ಲಿಯೇ ಇದೆಯೆಂದು ಹಿಗ್ಗುವವರುಂಟು. ಸಾದೃಶ್ಯವು ಅಭೇದವಲ್ಲವೆಂಬುದನ್ನು ತರ್ಕವನ್ನೋದಿದವರು ಮರೆಯಬಾರದು. ಹಾಗೆ ಹಿಗ್ಗಿದರೆ ಪೂರ್ವಿಕರ ನಿಜವಾದ ಹೆಚ್ಚಳವೂ ತಿಳಿಯದು, ಹೊಸ ಶಾಸ್ತ್ರವೂ ತಿಳಿಯದು.

ಭೇದವೆಲ್ಲಿ? ಇಟಲಿಯ ಗೆಲಿಲಿಯೋ ನುಣುಪಾದ ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡುಗಳನ್ನುರುಳಿಸಿ, ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನಳೆದನು. ಈ ಪ್ರಯೋಗಗಳ ಗ್ರಂಥವು 1638ರಲ್ಲಿ ಅಚ್ಚಾಯಿತು. ಇಳಿಜಾರಿನಲ್ಲಿ ಗುಂಡಿನ ವೇಗವು ಏರುವುದು, ಏರಿನಲ್ಲಿ ಇಳಿಯುವುದು. ಹಾಗಾದರೆ ಏರೂ ಇಳಿಜಾರೂ ಅಲ್ಲದ, ತಡೆಯೇ ಇಲ್ಲದ ಸಮತಲದಲ್ಲಿ? ವೇಗವು ಏರಲೂ ಕಾರಣವಿಲ್ಲ, ಇಳಿಯಲೂ ಕಾರಣವಿಲ್ಲ. ಗುಂಡು ಸಾಗುತ್ತಲೇ ಇರಬೇಕು. ನ್ಯೂಟನ್ನನು 1687ರ ತನ್ನ ಮಹಾಗ್ರಂಥದಲ್ಲಿ ಇದನ್ನೇ ಮೊದಲ ನಿಯಮವಾಗಿಟ್ಟನು: ಹೊರಗಿನ ಬಲವು ಬದಲಿಸದ ಹೊರತು, ನಿಂತ ವಸ್ತುವು ನಿಂತೇ ಇರುವುದು, ಚಲಿಸುವ ವಸ್ತುವು ಒಂದೇ ವೇಗದಿಂದ ನೇರವಾಗಿ ಚಲಿಸುತ್ತಿರುವುದು. ಸಂಸ್ಕಾರಪಕ್ಷದಲ್ಲಿ ಚಲನೆಯು ಮುಂದುವರಿಯುವುದಕ್ಕೆ ಕಾರಣ ಬೇಕು. ನ್ಯೂಟನ್ನನ ಪಕ್ಷದಲ್ಲಿ ಮುಂದುವರಿಯುವುದಕ್ಕೆ ಕಾರಣವೇ ಬೇಡ. ಬದಲಾಗುವುದಕ್ಕೆ ಮಾತ್ರ ಬೇಕು. ಇಡೀ ಶಾಸ್ತ್ರವು ಈ ಒಂದು ತಿರುವಿನಲ್ಲಿ ಅಡಗಿದೆ. 1977ರಲ್ಲಿ ಅಮೆರಿಕೆಯವರು ಹಾರಿಸಿದ ವಾಯೇಜರ್ 1 ಎಂಬ ನೌಕೆಯು, ತನ್ನನ್ನು ಮುಂದೂಡುವ ಯಂತ್ರದ ನೆರವಿಲ್ಲದೆಯೇ, ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ಸೂರ್ಯನಿಂದ ದೂರ ಸರಿಯುತ್ತಲಿದೆ.

ಆದರೆ ಜಾತ್ರೆಯ ತೇರು ಹಗ್ಗವನ್ನು ಸಡಿಲಿಸಿದೊಡನೆ ನಿಲ್ಲುವುದಲ್ಲ ಎಂದು ಕೇಳಬಹುದು. ಕೇಳತಕ್ಕ ಮಾತೇ ಸರಿ. ಅಚ್ಚಿನಲ್ಲಿಯೂ ಗಾಲಿಯ ಅಡಿಯ ನೆಲದಲ್ಲಿಯೂ ಹುಟ್ಟುವ ತಡೆಯು ಅದನ್ನು ಹಿಂದಕ್ಕೆ ಹಿಡಿಯುತ್ತಿರುವುದು. ಭಕ್ತರ ಸೆಳೆತವು ತಡೆಗೆ ಸಮನಾದಾಗ ತೇರು ಒಂದೇ ವೇಗದಿಂದ ಸಾಗುವುದು, ಮಿಕ್ಕಾಗ ವೇಗವೇರುವುದು, ಸೆಳೆತವು ನಿಂತಾಗ ತಡೆಯೊಂದೇ ಉಳಿದು ತೇರನ್ನು ನಿಲ್ಲಿಸುವುದು. ತೇರು ನಿಲ್ಲುವುದು ಬಲವಿಲ್ಲದೆ ಅಲ್ಲ, ಬಲದಿಂದಲೇ! ಈ ಮಿಕ್ಕ ಬಲವನ್ನು ವಸ್ತುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗವು ಸೆಕೆಂಡಿಗೆಷ್ಟು ಏರುವುದೆಂಬುದು ದೊರೆಯುವುದು. ಇದೇ ಎರಡನೆಯ ನಿಯಮ. 10 ಕಿಲೋಗ್ರಾಮಿನ ವಸ್ತುವಿನ ಮೇಲೆ 20 ನ್ಯೂಟನ್ನುಗಳ ಬಲವು ಮಿಕ್ಕಿದ್ದರೆ, ಅದರ ವೇಗವು ಸೆಕೆಂಡು ಸೆಕೆಂಡಿಗೂ 2 ಮೀಟರಿನಂತೆ ಏರುವುದು.

ಪಾಠಶಾಲೆಯವರು ವಿಶೇಷವಾಗಿ ಗಮನಿಸತಕ್ಕ ಇನ್ನೊಂದು ಭೇದವು ಗುರುತ್ವದ್ದು. ಅನ್ನಂಭಟ್ಟರ ತರ್ಕಸಂಗ್ರಹದಲ್ಲಿ ಗುರುತ್ವವು ಮೊದಲ ಪತನಕ್ಕೆ ಕಾರಣ. ಮುಂದಣ ಪತನಗಳಿಗೆ ವೇಗವು ಕಾರಣ. ಅದು ಇರುವುದೂ ಪೃಥ್ವಿ, ಜಲಗಳೆರಡರಲ್ಲಿಯೇ. ಹೊಸ ಶಾಸ್ತ್ರದಲ್ಲಾದರೋ ಭೂಮಿಯ ಸೆಳೆತವು ಮೊದಲ ಕ್ಷಣದಲ್ಲಿ ಮಾತ್ರವಲ್ಲ, ಪ್ರತಿಕ್ಷಣವೂ ನಡೆಯುವುದು, ಚಂದ್ರನನ್ನೂ ಬಿಡದು. ಆದುದರಿಂದಲೇ ಬೀಳುವ ಕಲ್ಲಿನ ವೇಗವು ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತ ಹೋಗುವುದು. ಗಾಳಿಯ ತಡೆಯನ್ನು ಬಿಟ್ಟರೆ, ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರು, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರು ಬೀಳುವುದು. ಭಾಗಿಸಿ ನೋಡಿದರೆ 1, 3, 5 ಎಂಬ ಬೆಸಸಂಖ್ಯೆಗಳು ಬರುವುವು. ಗೆಲಿಲಿಯೋ ಕಂಡುದು ಈ ಚೆಲುವಾದ ಕ್ರಮವನ್ನೇ. ಭಾರವಾದುದು ಬೇಗ ಬೀಳುವುದೆಂಬ ನಂಬಿಕೆಯೂ ಗಾಳಿಯ ಮಾಯೆ. 1971ರಲ್ಲಿ ಗಾಳಿಯಿಲ್ಲದ ಚಂದ್ರನ ನೆಲದ ಮೇಲೆ ಡೇವಿಡ್ ಸ್ಕಾಟನು ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಡಲು, ಅವೆರಡೂ ಒಟ್ಟಿಗೇ ನೆಲವನ್ನು ಮುಟ್ಟಿದುವು.

ಮೂರನೆಯ ನಿಯಮಕ್ಕೆ ಹೆಚ್ಚು ಮಾತು ಬೇಡ. ಹೆದೆಯು ಬಾಣವನ್ನು ಎಷ್ಟು ಬಲದಿಂದ ಮುಂದಕ್ಕೆ ನೂಕುವುದೋ ಅಷ್ಟೇ ಬಲದಿಂದ ಬಾಣವು ಹೆದೆಯನ್ನು ಹಿಂದಕ್ಕೆ ನೂಕುವುದು. ಬಲಗಳೆರಡೂ ಬೇರೆ ಬೇರೆ ವಸ್ತುಗಳ ಮೇಲೆ ಬೀಳುವುದರಿಂದ ಒಂದನ್ನೊಂದು ಅಳಿಸಲಾರವು.

ಕಡೆಗೆ, ಪರೀಕ್ಷೆಯಲ್ಲಿ ಜಾಣರೂ ಎಡವುವ ಒಂದು ಪ್ರಶ್ನೆ. ನೆಟ್ಟಗೆ ಮೇಲಕ್ಕೆಸೆದ ಚೆಂಡಿನ ಮೇಲೆ, ಅದು ಏರುತ್ತಿರುವಾಗ ಯಾವ ಬಲವಿರುವುದು? ಕೈಯ ಬಲವು ಇನ್ನೂ ಚೆಂಡಿನಲ್ಲಿದೆಯೆಂದು ಅನೇಕರು ಬರೆಯುವರು. ತಿಳಿಯದೆಯೇ ಅವರು ಸಂಸ್ಕಾರವಾದಿಗಳಾಗುವರು. ಕೈ ಬಿಟ್ಟೊಡನೆ ಕೈಯ ಬಲವು ಮುಗಿಯಿತು. ಗಾಳಿಯನ್ನು ಲೆಕ್ಕಿಸದಿದ್ದರೆ ಉಳಿದುದು ಕೆಳಮುಖವಾದ ಭೂಮಿಯ ಸೆಳೆತವೊಂದೇ. ಏರುವಾಗಲೂ ಅದೇ, ಇಳಿಯುವಾಗಲೂ ಅದೇ. ತುತ್ತತುದಿಯಲ್ಲಿ ಚೆಂಡು ಒಂದು ಕ್ಷಣ ನಿಂತಂತೆ ತೋರುವುದಷ್ಟೆ. ಆಗ ಸೊನ್ನೆಯಾದುದು ವೇಗವು, ಬಲವಲ್ಲ.