ಗುಳೆ ಹೋಗುವ ಮನೆ, ಊರಲ್ಲಿ ಉಳಿಯಬೇಕಾದ ಶಾಲೆ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹೆಚ್ಚು ಅಂಕ ಪಡೆದ ಮಕ್ಕಳ ಹೆಸರನ್ನು ಈಗಷ್ಟೇ ಕೇಳಿದಿರಿ. ನಮಗೂ ಹೆಮ್ಮೆಯಾಯಿತು. ಆದರೆ ಶಿಕ್ಷಕರಾಗಿ ದುಡಿದ ನಮ್ಮ ಮನಸ್ಸು ಇಲ್ಲಿಗೆ ಬಾರದ ಮಕ್ಕಳ ಕಡೆಗೂ ಹೋಗುತ್ತದೆ.

ರಾಯಚೂರು, ಯಾದಗಿರಿ, ಕೊಪ್ಪಳದ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಗುಳೆ ಶುರು. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ, ಗೋವಾಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಬಾಗಿಲಿಗೆ ಬೀಗ ಬೀಳುತ್ತದೆ, ಇಲ್ಲವೇ ವಯಸ್ಸಾದವರು ಮಾತ್ರ ಉಳಿಯುತ್ತಾರೆ. ಹೋಗುವವರನ್ನು ನಾವು ದೂರುವುದಿಲ್ಲ. ಸಾಲ ತೀರಬೇಕು, ಒಲೆ ಉರಿಯಬೇಕು.

ಆದರೂ ಒಂದು ಲೆಕ್ಕ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಯವರೆಗಿನ ಶಾಲೆಯಲ್ಲಿ 61 ಮಕ್ಕಳಿದ್ದರೆ ಮೂವರು ಶಿಕ್ಷಕರು, 60 ಆದರೆ ಇಬ್ಬರು. ಬಿಸಿಯೂಟಕ್ಕೂ ಹೀಗೆಯೇ: 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 26 ಆದರೆ ಇಬ್ಬರು. ಗುಳೆ ಹೋದ ಒಂದು ಮಗು ಮತ್ತೆ ಶಾಲೆಗೆ ಬಾರದಿದ್ದರೆ ಒಬ್ಬ ಮಾಸ್ತರರ ಹುದ್ದೆಯೋ, ಒಬ್ಬ ಬಡ ತಾಯಿಯ ದುಡಿಮೆಯೋ ಹೋಗಬಹುದು. ಇಬ್ಬರೇ ಶಿಕ್ಷಕರು ಐದು ತರಗತಿ ನೋಡುವಾಗ, ಅನುಕೂಲ ಇದ್ದವರು ಮಕ್ಕಳನ್ನು ಪಟ್ಟಣದ ಶಾಲೆಯ ವ್ಯಾನು ಹತ್ತಿಸುತ್ತಾರೆ. ದಾಖಲಾತಿ ಮತ್ತೂ ಇಳಿಯುತ್ತದೆ. ಕೊನೆಗೆ ನಷ್ಟ ಆಗುವುದು ಎಲ್ಲಿಗೂ ಹೋಗಲಾಗದ ಬಡವರ ಮಕ್ಕಳಿಗೆ.

ನಮ್ಮ ಕಡೆಯವರು ಎಲ್ಲಿದ್ದರೂ ಮೊಹರಮ್ಮಿಗೆ ಊರಿಗೆ ಬರುತ್ತಾರೆ. ಹಿಂದೂ, ಮುಸ್ಲಿಂ ಎನ್ನದೆ ಕೂಡಿ ಹೆಜ್ಜೆ ಹಾಕುತ್ತಾರೆ. ಹಬ್ಬಕ್ಕೆ ಬೇಕಾದ ಊರು ಉಳಿದ ದಿನಗಳಲ್ಲೂ ಊರಾಗಿ ಇರಬೇಕಲ್ಲವೇ?

ತಂದೆ ತಾಯಂದಿರಲ್ಲಿ ನಮ್ಮ ವಿನಂತಿ: ಹೊರಡುವ ಮುಂಚೆ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಮಗುವನ್ನು ಅಜ್ಜ ಅಜ್ಜಿಯ ಬಳಿ ಬಿಡಬಹುದೇ, ಗುಳೆ ಹೋದವರ ಮಕ್ಕಳಿಗೆ ಹಂಗಾಮಿ ವಸತಿ ವ್ಯವಸ್ಥೆ ಇದೆಯೇ, ಕೇಳಿರಿ. ಜೊತೆಗೆ ಕರೆದೊಯ್ಯಲೇಬೇಕಾದರೆ ವರ್ಗಾವಣೆ ಪತ್ರ ಪಡೆಯಿರಿ. ಪತ್ರ ತಡವಾಯಿತೆಂದು ಅಲ್ಲಿನ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅದೇ ಕಾಯ್ದೆ ಹೀಗೆ ಹೇಳುತ್ತದೆ. ಊರಲ್ಲಿರುವವರು ಎಸ್‌ಡಿಎಂಸಿ ಸಭೆ ತಪ್ಪಿಸಬೇಡಿರಿ.

ದಾನಿಗಳಲ್ಲಿ ನಮ್ಮ ವಿನಂತಿ: ಕಾಲೇಜಿನ ಶುಲ್ಕಕ್ಕೆ ಕೊಡುತ್ತಿರುವುದನ್ನು ಮುಂದುವರಿಸಿರಿ. ಅದರ ಜೊತೆಗೆ ಒಂದು ಪಾಲನ್ನು ಅಜ್ಜಿಯ ಮನೆಯಲ್ಲಿ ಉಳಿದ ಮಕ್ಕಳಿಗಾಗಿ ತೆಗೆದಿಡಿರಿ. ಸಂಜೆ ಅವರನ್ನು ಕೂರಿಸಿ ಓದಿಸಲು ಪಿಯುಸಿ ಮುಗಿಸಿದ ಊರಿನದೇ ಹುಡುಗಿಗೆ ತಿಂಗಳ ಗೌರವಧನ ಕೊಟ್ಟರೆ, ಆಕೆಗೂ ಊರಲ್ಲೇ ಒಂದು ಕೆಲಸ ಆಗುತ್ತದೆ.

ಇಂದು ವಿದ್ಯಾರ್ಥಿವೇತನ ಪಡೆದ ಮಕ್ಕಳೇ, ರಜೆಗೆ ಊರಿಗೆ ಹೋದಾಗ ನೀವು ಕಲಿತ ಶಾಲೆಗೆ ಒಂದು ದಿನ ಹೋಗಿ ಬನ್ನಿರಿ. ನಿಮ್ಮನ್ನು ನೋಡಿ ಅಲ್ಲಿನ ಮಕ್ಕಳಿಗೂ ಓದುವ ಆಸೆ ಬರಲಿ.