ಸುರಂಗದ ಎರಡು ಬಾಯಿಗಳು: ಗೂಢಲಿಪಿ ಸಂಪರ್ಕದ ಕಡತವನ್ನು ಬರೆಯುವ ಬಗೆ

(ಉಪನ್ಯಾಸದ ಪಠ್ಯ)



ಮಲೆನಾಡಿನ ತಿಳಿವಳಿಕೆಯು ಬಹುಕಾಲ ಹಿರಿಯರ ನೆನಪಿನಲ್ಲಿಯೂ ತೋಟದ ಮನೆಗಳ ದಿನಚರಿ ಪುಸ್ತಕಗಳಲ್ಲಿಯೂ ಉಳಿದುಬಂದಿತು. ಆರಿದ್ರಾ ಮಳೆ ಎಷ್ಟು ಇಂಚು ಸುರಿಯಿತು, ಯಾವ ವರ್ಷ ಹಳ್ಳ ಬತ್ತಿತು, ಯಾವ ಹಾಡ್ಯದಲ್ಲಿ ಒಳ್ಳೆಯ ಅಪ್ಪೆಮಿಡಿ ಮರವಿದೆ ಎಂಬುದನ್ನು ಅರಿಯಬೇಕಾದವರು ಆ ಮನೆಯ ಜಗಲಿಗೇ ಹೋಗಬೇಕಾಗಿತ್ತು. ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ದಾಖಲೆಗಳು ಮೊಬೈಲಿಗೂ ಗಣಕಯಂತ್ರಕ್ಕೂ ಸಾಗುತ್ತಿವೆ. ಮರದ ಒಂದು ಛಾಯಾಚಿತ್ರವು ತನ್ನೊಡನೆ ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಹೊತ್ತುಕೊಂಡು ಹೋಗಬಲ್ಲದು. ಜಗಲಿಗೆ ಬಂದವರು ಯಾರೆಂದು ಮನೆಯವರಿಗೆ ಗೊತ್ತಿರುತ್ತಿತ್ತು. ಅಂತರ್ಜಾಲದ ಮೂಲಕ ಬಂದವರು ಯಾರೆಂದು ಗೊತ್ತಾಗುವುದಿಲ್ಲ.

ಇದು ಕೇವಲ ಊಹೆಯ ಭಯವಲ್ಲ. 2013ರಲ್ಲಿ ಮಧ್ಯಪ್ರದೇಶದ ಪನ್ನಾ ಹುಲಿ ರಕ್ಷಿತಾರಣ್ಯದ ಒಂದು ಹುಲಿಯ ಕೊರಳಪಟ್ಟಿಯಿಂದ ಬರುತ್ತಿದ್ದ ನೆಲೆಯ ಮಾಹಿತಿಯನ್ನು ಪಡೆಯಲು, ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಯೊಬ್ಬರ ಮಿಂಚಂಚೆ ಖಾತೆಯನ್ನು ಪುಣೆಯಿಂದ ಯಾರೋ ತೆರೆಯಲೆತ್ನಿಸಿದರು. ಆ ಪ್ರಯತ್ನ ಫಲಿಸಲಿಲ್ಲ. ಆದರೆ ಕಾಡಿನ ಪ್ರಾಣಿಯನ್ನು ರಕ್ಷಿಸಲು ಕೂಡಿಸಿದ ಮಾಹಿತಿಯೇ ಅದನ್ನು ಬೇಟೆಯಾಡುವವರ ದಾರಿದೀಪವಾಗಬಹುದೆಂಬುದನ್ನು ಅದು ತೋರಿಸಿತು. ಔಷಧೀಯ ಸಸ್ಯ, ಹಳೆಯ ಮರ, ಕಾಳಿಂಗದ ಗೂಡು ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಇಂತಹ ದಾಖಲೆಗಳನ್ನು ಹಳ್ಳಿಯಿಂದ ಹಳ್ಳಿಗೆ ಸುರಕ್ಷಿತವಾಗಿ ಸಾಗಿಸುವ ಸಾಧನಗಳಲ್ಲಿ ವಿಪಿಎನ್, ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್, ಒಂದು. ಸಾರ್ವಜನಿಕ ಅಂತರ್ಜಾಲದ ಒಳಗೇ ಗೂಢಲಿಪಿಯ ಸುರಂಗವೊಂದನ್ನು ಅದು ನಿರ್ಮಿಸುತ್ತದೆ. ಕಾಸರಗೋಡಿನ ಕಡೆ ಗುಡ್ಡ ಕೊರೆದು ನೀರು ತರುವ ಸುರಂಗಕ್ಕೆ ಸಾಮಾನ್ಯವಾಗಿ ಒಂದೇ ಬಾಯಿ. ಈ ಸುರಂಗಕ್ಕೆ ಎರಡು. ಆ ಎರಡು ಬಾಯಿಗಳಲ್ಲಿ ಯಾರು ನಿಂತಿದ್ದಾರೆ, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂಬುದನ್ನು ನಿರ್ಧರಿಸುವುದು ಕೆಲವೇ ಸಾಲುಗಳ ಒಂದು ಸಂರಚನಾ ಕಡತ. ಅದರ ಪ್ರತಿಯೊಂದು ಸಾಲೂ ಯಾರನ್ನು ನಂಬಬೇಕೆಂಬ ಒಂದು ತೀರ್ಮಾನ. ಆದಕಾರಣ ಆ ಕಡತವನ್ನು ಬರೆಯುವ ವಿದ್ಯೆ ಊರಿನವರ ಕೈಯಲ್ಲಿಯೇ ಇರಬೇಕು.

ಕಡತದ ಎರಡು ಭಾಗಗಳು

ಜೇಮ್ಸ್ ಯೋನನ್ ಅವರ ಓಪನ್‌ವಿಪಿಎನ್ 2001ರಲ್ಲಿ ಬಂದಿತು. ಅದು ಇಂದಿಗೂ ಬಳಕೆಯಲ್ಲಿದೆ. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 5.6ರಲ್ಲಿ ಸೇರ್ಪಡೆಗೊಂಡಿತು. ಎರಡೂ ಮುಕ್ತ ತಂತ್ರಾಂಶಗಳು. ವೈರ್‌ಗಾರ್ಡ್‌ನ ಕಡತವು ಅತಿ ಚಿಕ್ಕದಾದ್ದರಿಂದ ಕಲಿಯುವವರಿಗೆ ಅದೇ ಅನುಕೂಲ. ಕಡತದಲ್ಲಿ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡಬೇಕು. ಇಲ್ಲಿ ಅವುಗಳ ಉಚ್ಚಾರವನ್ನು ಕೊಡಲಾಗಿದೆ.

ಒಂದು ಉದಾಹರಣೆಯನ್ನು ಭಾವಿಸಬಹುದು. ದಾಖಲೆಗಳಿರುವ ಗಣಕ ಕೊಪ್ಪ ಪೇಟೆಯಲ್ಲಿದೆ. ಮಳೆಯ ಲೆಕ್ಕ ಬರೆಯುವವರ ಲ್ಯಾಪ್‌ಟಾಪ್ ಭದ್ರಾ ಹಿನ್ನೀರಿನ ಬದಿಯ ಹಳ್ಳಿಯಲ್ಲಿದೆ. ಹಳ್ಳದ ನೀರನ್ನು ಅಳೆಯುವ ವಿದ್ಯಾರ್ಥಿನಿಯ ಮೊಬೈಲ್ ಶೃಂಗೇರಿಯಲ್ಲಿದೆ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಅನೇಕ ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಇರಿಸುವುದರಿಂದ ಈ ಮೂರೂ ಯಂತ್ರಗಳು ಒಂದನ್ನೊಂದು ನೇರವಾಗಿ ಕರೆಯಲಾರವು. ಸ್ಥಿರವಾದ ಸಾರ್ವಜನಿಕ ವಿಳಾಸವುಳ್ಳ ನಾಲ್ಕನೆಯ ಯಂತ್ರವೊಂದು ಕೂಡುದಾರಿಯಾಗಿ ಬೇಕು. ಅದನ್ನು ಬಾಡಿಗೆಗೆ ಪಡೆಯಬಹುದು.

ಕಡತದ ಮೊದಲ ಭಾಗದ ಶೀರ್ಷಿಕೆ ಇಂಟರ್‌ಫೇಸ್. ಇದು ತನ್ನ ಮನೆಯ ವಿವರ. ಅದರಲ್ಲಿ ಪ್ರೈವೇಟ್‌ಕೀ, ಎಂದರೆ ಗುಟ್ಟಿನ ಕೀಲಿ, ಮತ್ತು ಅಡ್ರೆಸ್, ಎಂದರೆ ಸುರಂಗದೊಳಗಿನ ವಿಳಾಸ, ಇರುತ್ತವೆ. ಕೂಡುದಾರಿಗೆ 10.20.0.1, ಕೊಪ್ಪದ ಗಣಕಕ್ಕೆ 10.20.0.2, ಲ್ಯಾಪ್‌ಟಾಪಿಗೆ 10.20.0.3, ಮೊಬೈಲಿಗೆ 10.20.0.4 ಎಂದು ಕೊಡಬಹುದು. ಕೂಡುದಾರಿಯ ಕಡತದಲ್ಲಿ ಲಿಸನ್‌ಪೋರ್ಟ್ ಎಂಬ ಸಾಲೂ ಬೇಕು. ಅಲ್ಲಿ 51820 ಎಂಬ ಸಂಖ್ಯೆ ರೂಢಿಯಲ್ಲಿದೆ. ಒಬ್ಬರಿಂದ ಬಂದುದನ್ನು ಇನ್ನೊಬ್ಬರಿಗೆ ದಾಟಿಸುವ ಅನುಮತಿಯನ್ನೂ ಆ ಯಂತ್ರದಲ್ಲಿ ಪ್ರತ್ಯೇಕವಾಗಿ ಕೊಡಬೇಕು.

ಎರಡನೆಯ ಭಾಗ ಪೀರ್, ಎಂದರೆ ಎದುರು ಬಾಯಿಯವನು. ಅವನ ಪಬ್ಲಿಕ್‌ಕೀ, ಅವನಿರುವ ಹೊರ ವಿಳಾಸವಾದ ಎಂಡ್‌ಪಾಯಿಂಟ್, ಮತ್ತು ಅಲೌಡ್‌ಐಪಿಸ್ ಎಂಬ ಸಾಲು ಇಲ್ಲಿರುತ್ತವೆ. ಕೂಡುದಾರಿಯ ಕಡತದಲ್ಲಿ ಮೂರು ಯಂತ್ರಗಳಿಗೆ ಮೂರು ಪೀರ್ ಭಾಗಗಳು; ಉಳಿದ ಮೂವರ ಕಡತಗಳಲ್ಲಿ ಕೂಡುದಾರಿಯ ಒಂದೇ ಭಾಗ.

ವೈರ್‌ಗಾರ್ಡ್‌ನಲ್ಲಿ ಬಳಕೆದಾರರ ಹೆಸರಿಲ್ಲ, ಗುಪ್ತಪದವಿಲ್ಲ, ಕೀಲಿಯೇ ಗುರುತು. ಗುಟ್ಟಿನ ಕೀಲಿಯಿಂದ ಸಾರ್ವಜನಿಕ ಕೀಲಿ ಹುಟ್ಟುತ್ತದೆ; ಅದರಿಂದ ಗುಟ್ಟಿನ ಕೀಲಿಯನ್ನು ಹಿಂದಕ್ಕೆ ಪಡೆಯುವುದು ಕಾರ್ಯತಃ ಅಸಾಧ್ಯ. ಪ್ರತಿಯೊಂದೂ 44 ಅಕ್ಷರಗಳ ಸರಣಿ. ಸಾರ್ವಜನಿಕ ಕೀಲಿಯನ್ನು ಯಾರಿಗಾದರೂ ಕೊಡಬಹುದು. ಗುಟ್ಟಿನ ಕೀಲಿಯು ಹುಟ್ಟಿದ ಯಂತ್ರವನ್ನು ಬಿಟ್ಟು ಹೊರಡಬಾರದು. ಒಬ್ಬರೇ ಕುಳಿತು ಎಲ್ಲರ ಕಡತಗಳನ್ನೂ ತಯಾರಿಸಿ ವಾಟ್ಸಾಪಿನಲ್ಲಿ ಹಂಚುವ ಪದ್ಧತಿ ಸುಲಭವೆನಿಸಿದರೂ, ಎಲ್ಲರ ಮನೆಯ ಬೀಗದ ಕೈಗಳನ್ನು ಒಂದೇ ಗೊಂಚಲಿನಲ್ಲಿ ಕಟ್ಟಿ ಸಂತೆಯಲ್ಲಿ ತಿರುಗಿದಂತೆ. ಲಿನಕ್ಸ್‌ನಲ್ಲಿ ಕಡತದ ಅನುಮತಿಯನ್ನು 600 ಎಂದಿಟ್ಟರೆ ಇತರ ಸಾಮಾನ್ಯ ಬಳಕೆದಾರರು ಅದನ್ನು ಓದಲಾರರು.

ಒಂದೇ ಸಾಲಿನ ಎರಡು ಕೆಲಸ

ಕಲಿಯುವವರು ಹೆಚ್ಚು ಎಡವುವುದು ಅಲೌಡ್‌ಐಪಿಸ್ ಎಂಬ ಸಾಲಿನಲ್ಲಿ. ಅದು ಹೋಗುವಾಗ ದಾರಿ ತೋರಿಸುತ್ತದೆ. ಬರುವಾಗ ಕಾವಲು ಕಾಯುತ್ತದೆ. ತೋಟದ ಬೇಲಿಯ ಉಣುಗೋಲು ಮನೆಯವರಿಗೆ ದಾರಿಯಾಗಿ, ದನಗಳಿಗೆ ತಡೆಯಾಗಿ ಇರುವಂತೆ. ಕೂಡುದಾರಿಯ ಕಡತದಲ್ಲಿ ಲ್ಯಾಪ್‌ಟಾಪಿನ ಎದುರು 10.20.0.3/32 ಎಂದು ಬರೆದರೆ ಎರಡು ಅರ್ಥಗಳು ಹೊರಡುತ್ತವೆ. ಆ ವಿಳಾಸಕ್ಕೆ ಹೋಗುವುದನ್ನು ಆ ಕೀಲಿಯಿಂದ ಮುಚ್ಚಿ ಕಳುಹಿಸಬೇಕು. ಆ ಕೀಲಿಯಿಂದ ಬಂದುದು ಆ ವಿಳಾಸದ್ದಲ್ಲದಿದ್ದರೆ ಎಸೆಯಬೇಕು. 32 ಎಂದರೆ ಒಂದೇ ವಿಳಾಸ. 24 ಎಂದರೆ 256 ವಿಳಾಸಗಳ ಗುಂಪು.

ಅವಸರದಲ್ಲಿ ಕೂಡುದಾರಿಯ ಕಡತದ ಮೂರು ಪೀರ್‌ಗಳಿಗೂ 10.20.0.0/24 ಎಂದು ಬರೆದರೆ ಕೊನೆಯವನಿಗೆ ಮಾತ್ರ ಆ ಗುಂಪು ಸಲ್ಲುತ್ತದೆ. ಮೊದಲಿನ ಇಬ್ಬರಿಗೆ ಯಾವ ತಪ್ಪುಸಂದೇಶವೂ ಬಾರದೆ ಸಂಪರ್ಕ ನಿಂತುಹೋಗುತ್ತದೆ. ಮೊಬೈಲಿನ ಕಡತದಲ್ಲಾದರೋ 10.20.0.0/24 ಎಂಬುದೇ ಸರಿ. ಆಗ ಊರಿನ ದಾಖಲೆ ಮಾತ್ರ ಸುರಂಗದಲ್ಲಿ ಸಾಗುತ್ತದೆ. 0.0.0.0/0 ಎಂದು ಬರೆದರೆ ಆ ಮೊಬೈಲಿನ ಇಡೀ ಸಂಚಾರವೇ ಸುರಂಗಕ್ಕೆ ನುಗ್ಗುತ್ತದೆ. ಸಿಗ್ನಲ್ ಕ್ಷೀಣವಾಗಿರುವ ಕಣಿವೆಯ ಹಳ್ಳಿಗಳಲ್ಲಿ ಅದು ಅನಾವಶ್ಯಕ ಹೊರೆ.

ಮಳೆ, ಕರೆಂಟು ಮತ್ತು ಗಡಿಯಾರ

ಮಲೆನಾಡಿಗೆ ವಿಶೇಷವಾದ ಕೆಲವು ಸಂಗತಿಗಳಿವೆ. ಕಂಪನಿಯ ಜಾಲವು ಸುಮ್ಮನಿರುವ ಸಂಪರ್ಕವನ್ನು ಮರೆತುಬಿಡುತ್ತದೆ. ಹಳ್ಳಿಯ ಯಂತ್ರಗಳ ಕಡತದಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ ಎಂಬ ಸಾಲಿಗೆ 25 ಎಂದು ಕೊಟ್ಟರೆ 25 ಸೆಕೆಂಡಿಗೊಮ್ಮೆ ಸಣ್ಣ ಸುಳಿವೊಂದು ಹೋಗಿ ದಾರಿ ತೆರೆದೇ ಇರುತ್ತದೆ.

ಎರಡನೆಯದು ಗಡಿಯಾರ. ಕರೆಂಟು ಹೋದಾಗ, ಬ್ಯಾಟರಿಯ ಗಡಿಯಾರವಿಲ್ಲದ ಅಗ್ಗದ ಪುಟ್ಟ ಗಣಕಗಳು ಮತ್ತೆ ಎಚ್ಚರಗೊಳ್ಳುವುದು ಹಳೆಯ ಸಮಯದಲ್ಲಿ. ವೈರ್‌ಗಾರ್ಡ್ ಪ್ರತಿ ಪರಿಚಯದಲ್ಲಿಯೂ ಸಮಯದ ಮುದ್ರೆಯನ್ನು ನೋಡುತ್ತದೆ. ಹಿಂದೆ ಕಂಡುದಕ್ಕಿಂತ ಹಳೆಯ ಮುದ್ರೆಯಾದರೆ, ಯಾರೋ ಕದ್ದ ಪತ್ರವನ್ನು ಮರಳಿ ಕಳುಹಿಸಿದ್ದಾರೆಂದು ತಿಳಿದು ತಿರಸ್ಕರಿಸುತ್ತದೆ. ಗಣಕದ ಸಂಚಾರವೆಲ್ಲವನ್ನೂ ಸುರಂಗಕ್ಕೇ ತಿರುಗಿಸಿದ್ದರೆ ಸಮಯ ಕೇಳುವ ದಾರಿಯೂ ಮುಚ್ಚುತ್ತದೆ: ಸಮಯ ಸರಿಯಾಗದೆ ಸುರಂಗವಿಲ್ಲ, ಸುರಂಗವಿಲ್ಲದೆ ಸಮಯವಿಲ್ಲ. ಆಷಾಢದಲ್ಲಿ ಸಂಪರ್ಕ ನಿಂತಾಗ ಕಡತವನ್ನು ತಿದ್ದುವ ಮೊದಲು ಗಡಿಯಾರವನ್ನು ನೋಡಬೇಕು.

ಮೂರನೆಯದಾಗಿ, ಒಂದು ಕಡತ ಒಂದೇ ಯಂತ್ರಕ್ಕೆ. ಅಣ್ಣ ತಮ್ಮಂದಿರು ಒಂದೇ ಕಡತವನ್ನು ಎರಡು ಮೊಬೈಲುಗಳಲ್ಲಿ ಬಳಸಿದರೆ ಕೂಡುದಾರಿಯು ಒಮ್ಮೆ ಇವನತ್ತ, ಒಮ್ಮೆ ಅವನತ್ತ ಉತ್ತರ ಕಳುಹಿಸಿ ಇಬ್ಬರಿಗೂ ಕೆಡುತ್ತದೆ. ಬೇರೆ ಬೇರೆ ಕೀಲಿಗಳಿದ್ದರೆ, ಮೊಬೈಲ್ ಕಳೆದ ದಿನ ಆ ಒಂದು ಪೀರ್ ಭಾಗವನ್ನು ಅಳಿಸಿ ಸಂಪರ್ಕವನ್ನು ಮರಳಿ ಆರಂಭಿಸಿದರೆ ಸಾಕು.

ಸುರಂಗವು ಮಾಡಲಾರದ ಕೆಲಸ

ಈ ಸಾಧನವು ದಾರಿಯನ್ನು ಕಾಯುತ್ತದೆ, ಮನೆಯನ್ನಲ್ಲ. ಮೊಬೈಲಿಗೆ ಬೀಗವಿಲ್ಲದಿದ್ದರೆ, ಗಣಕವೇ ಸೋಂಕಿತವಾಗಿದ್ದರೆ ಸುರಂಗದಿಂದ ಪ್ರಯೋಜನವಿಲ್ಲ. ಇನ್ನೂ ಮುಖ್ಯವಾಗಿ, ಮೇಲಿನ ಏರ್ಪಾಡಿನಲ್ಲಿ ಕೂಡುದಾರಿಯ ಯಂತ್ರವು ಒಬ್ಬರ ಗೂಢಲಿಪಿಯನ್ನು ಬಿಚ್ಚಿ ಇನ್ನೊಬ್ಬರಿಗಾಗಿ ಮತ್ತೆ ಕಟ್ಟುತ್ತದೆ. ಅದನ್ನು ಆಳುವವರು ನಡುವೆ ಇಣುಕಬಲ್ಲರು. ಆದ್ದರಿಂದ ಅತಿ ಸೂಕ್ಷ್ಮವಾದ ದಾಖಲೆಯನ್ನು ಕಳುಹಿಸುವ ಮುನ್ನವೇ ಪ್ರತ್ಯೇಕವಾಗಿ ಗೂಢಲಿಪಿಗೆ ಇಳಿಸಬೇಕು. ಹಣ ಕೊಟ್ಟು ಕೊಳ್ಳುವ ವಿಪಿಎನ್ ಸೇವೆಯಲ್ಲಿ ಇಣುಕಬಲ್ಲ ಸ್ಥಾನದಲ್ಲಿರುವುದು ಆ ಕಂಪನಿ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು, ಅಂತಹ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದವನ್ನು ಕನಿಷ್ಠ 5 ವರ್ಷ ಕಾಯ್ದಿಡಬೇಕೆಂದು ವಿಧಿಸಿತು.

ಗುಟ್ಟು ಕಾಯುವುದೆಂದರೆ ಕಾನೂನಿನಿಂದ ಅಡಗುವುದೆಂದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಊರಿನ ಮಳೆಯ ಲೆಕ್ಕ ಎಲ್ಲರಿಗೂ ತೆರೆದಿರಲಿ. ಅದು ಹಂಚಿದಷ್ಟೂ ಒಳ್ಳೆಯದು. ಮರದ ನೆಲೆ, ಪ್ರಾಣಿಯ ಜಾಡು, ಮನೆಮನೆಯ ಜಮೀನಿನ ವಿವರ ಮುಚ್ಚಿರಲಿ. ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ಊರು ಕೂಡಿ ಮೊದಲು ನಿರ್ಧರಿಸಬೇಕು. ಕಡತ ಬರೆಯುವ ಕೆಲಸ ಅನಂತರದ್ದು.

ಆ ಕೆಲಸವನ್ನು ಪ್ರತಿ ಊರಿನಲ್ಲಿಯೂ ಇಬ್ಬರಾದರೂ ಕಲಿತಿರಲಿ. ಒಬ್ಬರು ಬೆಂಗಳೂರಿಗೆ ಹೊರಟರೂ ಇನ್ನೊಬ್ಬರು ಉಳಿಯುತ್ತಾರೆ. ಯಾವ ವಿಳಾಸ ಯಾರದು, ಯಾವ ಸಾರ್ವಜನಿಕ ಕೀಲಿ ಯಾವ ಯಂತ್ರದ್ದು ಎಂಬ ಪಟ್ಟಿಯನ್ನು ಕಾಗದದ ಪುಸ್ತಕದಲ್ಲಿ ಬರೆದಿಡಲಿ. ಮಳೆಗಾಲಕ್ಕೆ ಮುನ್ನ ಕಾಲುಸಂಕದ ಹಗ್ಗ ಬಿಗಿಗೊಳಿಸುವ ದಿನಗಳಲ್ಲಿಯೇ ಆ ಪಟ್ಟಿಯನ್ನೂ ಒಮ್ಮೆ ತೆರೆದು, ಬಿಟ್ಟುಹೋದವರ ಸಾಲುಗಳನ್ನು ಅಳಿಸಲಿ.